ಹನ್ನೊಂದು ಸೆಕೆಂಡಿನ ಬೆನ್ನು

ಮಿಂಚುಳ್ಳಿ ಸತ್ತು ಒಂಬತ್ತು ದಿನವಾಗಿತ್ತು. ಜನ ಅವನ ಹೆಂಡತಿಯನ್ನು ಬಯ್ಯುವುದನ್ನು ಇನ್ನೂ ನಿಲ್ಲಿಸಿರಲಿಲ್ಲ.

ಬೆಳಗ್ಗೆ ಏಳೂವರೆ. ಅವಳು ಅಡುಗೆಮನೆಯ ಸಿಂಕಿನ ಮುಂದೆ ನಿಂತು ಲೋಟ ತೊಳೆಯುತ್ತಿದ್ದಳು. ಹಿಂದೆ ಮೇಜಿನ ಬಳಿ ನಾದಿನಿ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಓದುತ್ತಿದ್ದದ್ದು ತಾಯಿಗೆ, ಕೇಳಿಸಬೇಕಾಗಿದ್ದದ್ದು ಅತ್ತಿಗೆಗೆ.

"ಕೇಳಮ್ಮ ಇದನ್ನ. 'ಗಂಡ ಒಡೆದ ಅಣೆಕಟ್ಟಿಗೆ ಎದೆ ಕೊಟ್ಟು ಸತ್ತಿದಾನೆ, ಇವಳು ನಿಂತ್ಕೊಂಡು ಫ್ಲಾಸ್ಕ್ ತೊಳೀತಿದಾಳೆ. ಫ್ಲಾಸ್ಕೇನು ಓಡಿಹೋಗ್ತಿತ್ತಾ?' ಆರುನೂರು ಲೈಕು. ಇನ್ನೊಬ್ಬ ಬರೆದಿದಾನೆ, 'ವಿಲನ್ ಎರಡು ನಿಮಿಷ ಅತ್ತ. ಹೆಂಡತಿ ಎರಡು ಹನಿ ಅಳಲಿಲ್ಲ.'"

"ಹೌದು ಕಣೇ, ಪಾಪ, ಆ ವಿಲನ್ನು ಎಷ್ಟು ಚೆನ್ನಾಗಿ ಅತ್ತ," ಅಂದರು ಅತ್ತೆ. ಮಗಳ ಜೊತೆ ಅವರೂ ಸಿನಿಮಾ ಮೂರು ಸಲ ನೋಡಿದ್ದರು. ಮೂರು ಸಲವೂ ವಿಲನ್ನಿನ ಪಕ್ಷ. "ಅವನಿಗೆ ತಾಯಿ ಇದ್ದಿದ್ರೆ ಹಂಗೆ ಕೆಟ್ಟುಹೋಗ್ತಿರ್ಲಿಲ್ಲ ನೋಡು."

"ಅಮ್ಮ, ವಿಷಯ ಅದಲ್ಲ! ವಿಷಯ ಅವಳದು!"

ಸಿನಿಮಾ ನೋಡದವರಿಗಾಗಿ ಇಷ್ಟು ಹೇಳಬೇಕು. ಮಿಂಚುಳ್ಳಿ ಎಂಬುವನು ನೀರಿನ ಇಲಾಖೆಯ ಸಾಮಾನ್ಯ ಮುಳುಗುಗಾರ. ಮೊದಲ ಭಾಗದಲ್ಲಿ ಅವನಿಗೆ ರೆಕ್ಕೆ ಬಂತು, ಎರಡನೆಯದರಲ್ಲಿ ಮದುವೆಯಾಯಿತು, ಮೂರನೆಯದರಲ್ಲಿ ಸಾವು. ಸತ್ತ ಸುದ್ದಿ ಹೇಳಲು ಅವನ ಇಬ್ಬರು ಜೊತೆಗಾರರು ಮನೆಗೆ ಬರುತ್ತಾರೆ. ಹೆಂಡತಿ "ಸರಿ" ಅನ್ನುತ್ತಾಳೆ. ತಿರುಗಿ ಒಳಗೆ ಹೋಗಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಅವನ ಫ್ಲಾಸ್ಕ್ ತೊಳೆಯುತ್ತಾಳೆ. ಹನ್ನೊಂದು ಸೆಕೆಂಡು. ಕನ್ನಡದಲ್ಲಿ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಪರದೇಶದ ಸಿನಿಮಾ. ಡಬ್ ಆದದ್ದು ಎಷ್ಟೋ ಭಾಷೆಗಳಿಗೆ. ಅಭಿಮಾನಿಗಳಿಗೆ ಮಾಡಲು ಬೇರೆ ಕೆಲಸವಿಲ್ಲವಲ್ಲ, ಎಲ್ಲ ಭಾಷೆಗಳದ್ದನ್ನೂ ಪಕ್ಕಪಕ್ಕ ಇಟ್ಟು ಕೇಳಿದ್ದರು. ಮೂಲದಲ್ಲಿ ಆ ಹನ್ನೊಂದು ಸೆಕೆಂಡಿನಲ್ಲಿ ಅವಳು ಬಿಕ್ಕುತ್ತಾಳೆ. ಅಕ್ಕಪಕ್ಕದ ಭಾಷೆಗಳಲ್ಲೂ ಬಿಕ್ಕುತ್ತಾಳೆ. ಕನ್ನಡದಲ್ಲಿ ಮಾತ್ರ ಕಮಕ್ ಕಿಮಕ್ ಇಲ್ಲ. ಅಲ್ಲಿಗೆ ಮುಗಿಯಿತು. ರೆಕ್ಕೆಯ ನೀಲಿ ಮಂಕಾಗಿದೆ, ಗೆಳೆಯನ ಪಾತ್ರವನ್ನು ಜೋಕರ್ ಮಾಡಿದ್ದಾರೆ ಎಂಬ ಹಳೆಯ ಜಗಳಗಳೆಲ್ಲ ಮೂಲೆಗೆ ಬಿದ್ದು, "ನಮ್ಮ ಭಾಷೆಯ ಮಿಂಚುಳ್ಳಿಗೆ ಅಳುವವರೇ ಇಲ್ಲವೇ" ಎಂಬುದೊಂದೇ ಎದ್ದು ಕೂತಿತು. ಅದನ್ನು ಮೊದಲು ಬರೆದದ್ದು 'ಮಿಂಚುಳ್ಳಿ ಬಳಗ' ಎಂಬ ಪುಟ. ನಲವತ್ತು ಸಾವಿರ ಜನರ ಬಳಗ. ನಡೆಸುತ್ತಿದ್ದವಳು ನಾದಿನಿ.

ಕನ್ನಡದಲ್ಲಿ ಆ ಹೆಂಡತಿಗೆ ದನಿ ಕೊಟ್ಟವಳು ಅತ್ತಿಗೆ.

ಇಬ್ಬರಿಗೂ ಇಬ್ಬರ ವಿಷಯ ಗೊತ್ತಿತ್ತು. ಒಂದೇ ಮನೆ, ಒಂದೇ ಸಿಂಕು, ಒಂದೇ ಟೂತ್‌ಪೇಸ್ಟು. ಆದರೂ ನಾದಿನಿ "ಆ ದನಿಯವಳು ಯಾರೋ" ಅನ್ನುತ್ತಿದ್ದಳು. ಅತ್ತಿಗೆ ಲೋಟ ತೊಳೆಯುತ್ತಿದ್ದಳು.

"ಅತ್ತಿಗೆ, ನೀರು!" ನಾದಿನಿ ಎದ್ದು ಬಂದು, ಅವಳ ಹೆಗಲ ಮೇಲಿಂದ ಕೈ ಚಾಚಿ, ನಲ್ಲಿ ನಿಲ್ಲಿಸಿದಳು. "ಲೋಟ ಯಾವಾಗ್ಲೋ ತೊಳೆದಾಯ್ತು. ಸುಮ್ನೆ ನೀರು ಬಿಟ್ಕೊಂಡು ನಿಂತಿರ್ತೀರಲ್ಲ ದಿನಾ."

"ಗಮನಿಸಲಿಲ್ಲ ಕಣೇ."

"ನೀವು ಯಾವುದನ್ನ ಗಮನಿಸಿದೀರಿ," ಅಂದು ನಾದಿನಿ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ದಿನವಿಡೀ ಗಿರಾಕಿಗಳ ಮುಖದ ಮುಂದೆ ಗಾಜು ಬದಲಾಯಿಸುತ್ತ "ಮೊದಲನೇದಾ, ಎರಡನೇದಾ? ಯಾವುದು ಸ್ಪಷ್ಟ?" ಎಂದು ಕೇಳುವುದು.

*

ಡಬ್ಬಿಂಗ್ ಸ್ಟುಡಿಯೋ ಇದ್ದದ್ದು ಟೈರ್ ಅಂಗಡಿಯೊಂದರ ನೆಲಮಾಳಿಗೆಯಲ್ಲಿ. ಮೇಲೆ ಲಾರಿಯ ಚಕ್ರಕ್ಕೆ ಗಾಳಿ ತುಂಬಿದರೆ ಕೆಳಗೆ ಪ್ರೇಮಿಗಳು ಮಾತು ನಿಲ್ಲಿಸಬೇಕು. ಗೋಡೆಗೆಲ್ಲ ಕಂದು ಸ್ಪಂಜು, ನೆಲಕ್ಕೆ ಯಾರದೋ ಮನೆಯ ಹಳೆಯ ರತ್ನಗಂಬಳಿ, ಒಂದು ಗಾಜಿನ ಕಿಟಕಿ. ಗಾಜಿನ ಆಚೆ ಇಂಜಿನಿಯರ್ ಮತ್ತು ಡಬ್ಬಿಂಗ್ ಡೈರೆಕ್ಟರ್. ಡೈರೆಕ್ಟರಿಗೆ ಎಲ್ಲರೂ ಇಟ್ಟ ಹೆಸರು 'ಒಂದೇ ಒಂದು'. "ಒಂದೇ ಒಂದು ಟೇಕ್ ಕೊಡಿ ಸಾಕು" ಎನ್ನುತ್ತ ಹದಿನೇಳು ತೆಗೆಸುತ್ತಿದ್ದ ಮನುಷ್ಯ. ಅತ್ತಿಗೆಗೆ ಅಲ್ಲಿ 'ಉಸಿರು ಮೇಡಂ' ಎಂದು ಹೆಸರು. ಸಾಹಿತ್ಯದ ಎಂ.ಎ. ಮುಗಿಸಿ ಸಂಭಾಷಣೆ ಬರೆಯಲು ಬಂದವಳು, ಒಂದು ದಿನ ಯಾರೋ ಬಾರದಿದ್ದಾಗ ಮೆಟ್ಟಿಲು ಹತ್ತುವ ನಾಯಕಿಯ ಏದುಸಿರು ಕೊಟ್ಟಿದ್ದಳು. ಅಂದಿನಿಂದ ಏದುಸಿರು, ನಿಟ್ಟುಸಿರು, ಬಿಕ್ಕು, ನರಳಾಟ ಯಾವುದಿದ್ದರೂ ಅವಳನ್ನೇ ಕರೆಯುತ್ತಿದ್ದರು.

ಅಂದು ಒಳಗೆ ಕಾಲಿಟ್ಟಾಗ ಇಂಜಿನಿಯರ್ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ.

"ಮೇಡಂ, ತಪ್ಪಾಗಿದೆ," ಅಂದ. "ನನ್ನ ತಪ್ಪು."

"ತಪ್ಪಲ್ಲಯ್ಯ ಅದು, ಅನಾಹುತ," ಅಂದ 'ಒಂದೇ ಒಂದು'. "ನಾನು ಒಂಬತ್ತು ದಿನದಿಂದ ಇಡೀ ಊರಿನ ಕೈಲಿ ಉಗಿಸ್ಕೊಳ್ತಾ ಇದೀನಿ. ನಮ್ಮನೆಯವಳೂ ಉಗಿದ್ಲು. 'ಹೆಂಗಸು ಅಂದ್ರೆ ಏನು ಅಂತ ನಿಮಗೆ ಗೊತ್ತಿದ್ರೆ ತಾನೆ' ಅಂದ್ಲು!"

ವಿಷಯ ಅರ್ಥವಾಗಬೇಕಾದರೆ ಆ ಕಸುಬಿನ ಎರಡು ಪದ್ಧತಿ ತಿಳಿದಿರಬೇಕು. ಡಬ್ಬಿಂಗಿನವರಿಗೆ ಪಾತ್ರದ ಮುಖವೆಂದರೆ ಜೀತ, ಬೆನ್ನೆಂದರೆ ರಜೆ. ಮುಖ ಕಂಡರೆ ತುಟಿಗೆ ಮಾತು ಕೂರಿಸಿ ಸಾಯಬೇಕು. ಬೆನ್ನು ಕಂಡರೆ ತುಟಿಯೇ ಇಲ್ಲ, ಏನು ಬೇಕಾದರೂ ತುಂಬಬಹುದು. ಅದು ಒಂದು. ಇನ್ನೊಂದು, ಪ್ರತಿ ರೆಕಾರ್ಡಿಂಗ್ ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರೂ ಬಾಯಿ ಮುಚ್ಚಿ ಕೂತು ಬರೀ ಕೋಣೆಯ ಸದ್ದನ್ನು ರೆಕಾರ್ಡ್ ಮಾಡುತ್ತಾರೆ. ಮಾತಿನ ನಡುವಿನ ಸಂದುಗಳಿಗೆ ತೇಪೆ ಹಾಕಲು ಅದು ಬೇಕು. ಏನೂ ಸದ್ದಿಲ್ಲದ ಕಡೆ ನಿಜವಾಗಿ ಏನೂ ಇಲ್ಲದಿದ್ದರೆ ಕೇಳುವವನಿಗೆ ಕಿವಿಗೆ ಹತ್ತಿ ತುರುಕಿದ ಹಾಗಾಗುತ್ತದೆ.

"ನೀವು ಬಿಕ್ಕಿದ್ದು ಮೂರು ಟೇಕ್, ಮೂರೂ ಓಕೆ," ಅಂದ ಇಂಜಿನಿಯರ್. "ಆಮೇಲೆ ಕೋಣೆ ಸದ್ದು ತಗೊಂಡೆ. ನೀವು ಹೊರಗೆ ಬರದೆ ಮೈಕ್ ಮುಂದೇನೇ ನಿಂತಿದ್ರಿ. ಅದರಲ್ಲಿ ನಿಮ್ಮ ಉಸಿರು ಬಂದಿತ್ತು, ಕೆಲಸಕ್ಕೆ ಬಾರದು ಅಂತ ಬೇರೆ ತಗೊಂಡು, ಇದನ್ನ ಪಕ್ಕಕ್ಕಿಟ್ಟೆ. ಕಡೆಗೆ ಜೋಡಿಸೋವಾಗ ಬಿಕ್ಕೋದರ ಬದಲು ಈ ಪಕ್ಕಕ್ಕಿಟ್ಟಿದ್ದು ಕೂತುಬಿಟ್ಟಿದೆ."

ಅಂದರೆ ಒಂಬತ್ತು ದಿನದಿಂದ ಜನ ಕಲ್ಲು ಹೃದಯ ಎಂದು ಬಯ್ಯುತ್ತಿದ್ದದ್ದು ಒಂದು ಹಾಳು ಟೇಕನ್ನು. ಅವಳು ಅತ್ತಿದ್ದಳು. ಚೆನ್ನಾಗಿಯೇ ಅತ್ತಿದ್ದಳು. ಪುಟದಲ್ಲಿ ಬಯ್ಗುಳ ಶುರುವಾದಾಗ, ಡೈರೆಕ್ಟರೇ ಬೇಕೆಂದು ತೆಗೆಸಿರಬೇಕು ಅಂದುಕೊಂಡು ಒಳಗೊಳಗೇ ಸಮಾಧಾನಪಟ್ಟಿದ್ದಳು.

"ಒಳ್ಳೇದೇ ಆಯ್ತು ಬಿಡಿ," ಅಂದಳು ಮೂಲೆಯಲ್ಲಿ ಕೂತಿದ್ದ ಪ್ರಚಾರದ ಹುಡುಗಿ. ಕಂಪನಿಯ ಕಡೆಯವಳು, ಎರಡು ಮೊಬೈಲುಗಳಿಗೆ ಸರದಿಯ ಮೇಲೆ ಉತ್ತರಿಸುತ್ತಿದ್ದಳು. "ಮನೆಯಲ್ಲಿ ನೋಡೋ ಆವೃತ್ತಿ ಮುಂದಿನ ವಾರ ಬರತ್ತೆ. ಅದಕ್ಕೆ ಅಳು ಹಾಕ್ತೀವಿ. ಬಳಸದೆ ಬಿಟ್ಟ ಟೇಕ್ ಆದ್ರಿಂದ ನಿಮ್ಮ ಸಹಿ ಒಂದು ಬೇಕು. ಗುರುವಾರ ಬಂದು ಹಾಕಿ ಸಾಕು. ಅವತ್ತೇ ಆ ಬಳಗದ ಮುಖ್ಯಸ್ಥೆಯನ್ನ ಕರೆದಿದೀನಿ, ಎಲ್ಲರಿಗಿಂತ ಮೊದಲು ಅವರಿಗೆ ಕೇಳಿಸೋದು. ಅವರು ಕಣ್ಣೊರೆಸ್ಕೊಳ್ಳೋದನ್ನ ವಿಡಿಯೋ ಮಾಡಿದ್ರೆ, ಮುಗೀತು ಕಥೆ!"

"ಯಾರನ್ನ ಕರೆದಿದೀರಿ?"

"ಆ ಪುಟ ನಡೆಸೋ ಹುಡುಗಿ. ತುಂಬಾ ಬಾಯಿ. ಏನು ಅಂತ ಹೇಳಿಲ್ಲ, ಒಂದು ಆಶ್ಚರ್ಯ ಇದೆ ಬನ್ನಿ ಅಂದೆ. ಕುಣಿದಾಡಿಬಿಟ್ಳು."

"ಸಹಿ ಹಾಕದಿದ್ರೆ?"

ಪ್ರಚಾರದ ಹುಡುಗಿ ಮೊದಲ ಬಾರಿಗೆ ಎರಡೂ ಮೊಬೈಲು ಕೆಳಗಿಟ್ಟಳು. "ಯಾಕೆ ಹಾಕಲ್ಲ? ಜನ ನಿಮ್ಮನ್ನ ಬಯ್ಯೋದು ನಿಲ್ಲತ್ತಲ್ಲ?"

ಇದಕ್ಕೆ ಒಂದು ವಾಕ್ಯದ ಉತ್ತರ ಅವಳಲ್ಲಿರಲಿಲ್ಲ.

*

ಉತ್ತರ ಇದ್ದದ್ದು ಹಿಂದಿನ ವರ್ಷದಲ್ಲಿ.

ಅವಳ ಗಂಡ ಲಿಫ್ಟ್ ರಿಪೇರಿಯವನು. ಊರಿನ ಎಷ್ಟೋ ಕಟ್ಟಡಗಳ ಲಿಫ್ಟುಗಳು ಅವನ ಮಾತು ಕೇಳುತ್ತಿದ್ದವು. ಅವನು ಸತ್ತದ್ದು ಮೆಟ್ಟಿಲ ಮೇಲೆ. ಕೆಟ್ಟ ಲಿಫ್ಟು ಆರನೇ ಮಹಡಿಯಲ್ಲಿ ನಿಂತಿತ್ತು, ಹತ್ತಿ ಹೋಗುತ್ತಿದ್ದ, ನಾಲ್ಕರಲ್ಲಿ ಎದೆ ಹಿಡಿದುಕೊಂಡು ಕೂತ. ವಯಸ್ಸು ಮೂವತ್ತನಾಲ್ಕು. ಜೊತೆ ಕೆಲಸದವರಿಬ್ಬರು ಅವನ ಚೀಲ ಹಿಡಿದು ಮನೆಗೆ ಬಂದು, ಬಾಗಿಲಲ್ಲೇ ನಿಂತು, ವಿಷಯ ಹೇಳಿದರು. ಅತ್ತೆ ಕುಸಿದರು. ನಾದಿನಿ ಕಿರುಚಿದಳು. ಅತ್ತಿಗೆ ಚೀಲ ತೆಗೆದುಕೊಂಡು, ಜಿಪ್ ಬಿಚ್ಚಿ, ಒಳಗೆಲ್ಲ ಕೈಯಾಡಿಸಿ ಕೇಳಿದಳು:

"ಟಾರ್ಚ್ ಎಲ್ಲಿ?"

ಅಷ್ಟೇ. ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಬಂದ ಬಂಧುಗಳೆಲ್ಲ ಅವಳ ಮುಖವನ್ನೇ ನೋಡಿ ನೋಡಿ, ಏನೂ ಸಿಗದೆ, ಬೇಜಾರಾಗಿ ಹೋದರು. ಟಾರ್ಚಿನ ಮಾತು ಮಾತ್ರ ಮನೆಯಲ್ಲಿ ಉಳಿಯಿತು. ನಾದಿನಿ ಅದನ್ನು ಎಂದೂ ಎತ್ತಿ ಆಡಲಿಲ್ಲ. ಮಿಂಚುಳ್ಳಿಯ ಹೆಂಡತಿ ಫ್ಲಾಸ್ಕ್ ತೊಳೆಯುವ ತನಕ.

ಆ ಬಿಕ್ಕಳಿಕೆ ರೆಕಾರ್ಡ್ ಆದದ್ದು ಅವನು ಹೋದ ಹತ್ತೊಂಬತ್ತನೆಯ ದಿನ. ಸಿನಿಮಾ ತೆರೆಗೆ ಬರುವುದು ಆಮೇಲೆ ವರ್ಷ ತಡವಾಯಿತು.

ಗುರುವಾರ ನಾದಿನಿ ಅದನ್ನು ಕೇಳುತ್ತಾಳೆ. ಅಣ್ಣನಿಗೆ ಒಂದು ಹನಿ ಸುರಿಸದ ಅತ್ತಿಗೆ, ಹತ್ತೊಂಬತ್ತು ದಿನಕ್ಕೆ ರೆಕ್ಕೆಯ ಗಂಡಸೊಬ್ಬನಿಗಾಗಿ, ಮೂರು ಟೇಕ್, ಮೂರೂ ಓಕೆ, ಅತ್ತಿದ್ದಾಳೆ. ಕಲ್ಲು ಎಂದು ಅನ್ನಿಸಿಕೊಂಡು ಆ ಮನೆಯಲ್ಲಿ ಹೇಗೋ ಬದುಕಬಹುದಿತ್ತು. ಕಲ್ಲಿಗೆ ಬೇರೆಯವರಿಗಾಗಿ ನೀರು ಬರುತ್ತದೆ ಎಂದು ಗೊತ್ತಾದ ಮೇಲೆ ಆ ಮೇಜಿನ ಮುಂದೆ ಕೂತು ಉಣ್ಣುವುದು ಹೇಗೆ?

ಬುಧವಾರ ಸಂಜೆ ಊಟಕ್ಕೆ ಕೂತಾಗ ನಾದಿನಿ ಮುಖ ಊರಗಲವಾಗಿತ್ತು.

"ಅಮ್ಮ, ನಾಳೆ ಮಧ್ಯಾಹ್ನ ರಜೆ ಹಾಕಿದೀನಿ. ಸ್ಟುಡಿಯೋದವರು ಕರೆದಿದಾರೆ. ನಮ್ಮ ಗಲಾಟೆಗೆ ಬಗ್ಗಿದಾರೆ. ಯಾರನ್ನೋ ಹಿಡಿದು ಹೊಸದಾಗಿ ಅಳಿಸ್ತಾರೆ ಅನ್ಸತ್ತೆ."

"ವಿಲನ್ನಿನ ದನಿಯವರು ಸಿಕ್ಕರೆ ನಾನು ಕೇಳ್ದೆ ಅಂತ ಹೇಳು," ಅಂದರು ಅತ್ತೆ.

"ನೀವೇನಂತೀರಿ ಅತ್ತಿಗೆ? ಹೊಸಬರು ಚೆನ್ನಾಗಿ ಅಳಬಹುದಾ?"

ಅವಳು ಬಾಯಿ ತೆರೆದಳು. ಹೇಳಿಬಿಡಬೇಕು ಎಂದೇ ತೆರೆದದ್ದು.

"ಉಪ್ಪು ಬೇಕಾ ನಿನಗೆ?" ಅಂದಳು.

ನಾದಿನಿ ತಟ್ಟೆಯನ್ನೇ ನೋಡುತ್ತ ನಕ್ಕಳು. ನಗು ಕಿವಿಗೆ ಚುಚ್ಚುವಂತಿತ್ತು.

*

ಗುರುವಾರ ಮೂರು ಗಂಟೆಗೆ ಟೈರ್ ಅಂಗಡಿಯ ಮುಂದೆ ಇಬ್ಬರೂ ಬೇರೆ ಬೇರೆ ಬಸ್ಸಿನಿಂದ ಇಳಿದರು. ಒಬ್ಬರನ್ನೊಬ್ಬರು ನೋಡಿದರು. ಮೆಟ್ಟಿಲು ಇಳಿಯುವಾಗ ನಾದಿನಿ, "ನಿಮ್ಮನ್ನೂ ಕರೆದಿದಾರಾ," ಎಂದಷ್ಟೇ ಕೇಳಿದಳು.

"ಹೂಂ."

ಪ್ರಚಾರದ ಹುಡುಗಿ ನಾದಿನಿಯನ್ನು ಕುರ್ಚಿಯಲ್ಲಿ ಕೂರಿಸಿ, ಮುಖಕ್ಕೆ ಬೆಳಕು ಬೀಳುವಂತೆ ತಿರುಗಿಸಿ, ಹೆಡ್‌ಫೋನ್ ತೊಡಿಸಿ, ಮೊಬೈಲು ಹಿಡಿದು ನಿಂತಳು. "ಸಹಜವಾಗಿರಿ. ಅಳು ಬಂದ್ರೆ ತಡೀಬೇಡಿ."

ಡೈರೆಕ್ಟರ್ ಕೈ ಉಜ್ಜಿಕೊಂಡ. "ನೋಡಮ್ಮ, ನನ್ನ ಸರ್ವಿಸ್ಸಿನಲ್ಲಿ ಇಂಥ ಅಳು ಕೇಳಿಲ್ಲ. ನಿಮ್ಮ ಬಳಗಕ್ಕೆ ಹೇಳು, ನಾವು ಕಟುಕರಲ್ಲ ಅಂತ. ಹಾಕಯ್ಯ."

ಇಂಜಿನಿಯರ್ ಗುಂಡಿ ಒತ್ತಿದ. ಟೇಕಿನ ಮೊದಲಿಗೆ ದಿನಾಂಕ, ದೃಶ್ಯದ ಸಂಖ್ಯೆ ಹೇಳುವುದು ಅವನ ಪದ್ಧತಿ. ಅದನ್ನು ಕತ್ತರಿಸಿ ಕೇಳಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೆಡ್‌ಫೋನಿನಿಂದ ಹೊರಕ್ಕೂ ಸಣ್ಣಗೆ ಕೇಳಿಸಿತು: ತಾರೀಖು, ತಿಂಗಳು, ದೃಶ್ಯ ಎಪ್ಪತ್ತೆರಡು, ಟೇಕ್ ಮೂರು. ಆಮೇಲೆ ಅಳು.

ನಾದಿನಿಯ ಮುಖ ಮೊದಲು ಏನೂ ತೋರಿಸಲಿಲ್ಲ. ಆಮೇಲೆ ಬೆರಳು ಮಡಿಸತೊಡಗಿದಳು. ಒಂದು ಕೈ, ಎರಡು ಕೈ, ಮತ್ತೆ ಮೊದಲಿನಿಂದ. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಹತ್ತೊಂಬತ್ತನೇ ದಿನ," ಅಂದಳು.

"ಏನು ಮೇಡಂ?" ಪ್ರಚಾರದ ಹುಡುಗಿ ಮೊಬೈಲು ಹತ್ತಿರ ತಂದಳು.

"ಅವತ್ತು ನಾನು ಹಾಸಿಗೆಯಿಂದ ಎದ್ದಿರಲಿಲ್ಲ. ಅಮ್ಮನಿಗೆ ಡ್ರಿಪ್ ಹಾಕಿಸ್ಕೊಂಡು ಬಂದಿದ್ವಿ. ನೀವು ತಲೆ ಬಾಚ್ಕೊಂಡು ಕೆಲಸ ಇದೆ ಅಂತ ಹೊರಟ್ರಿ. ಇದಕ್ಕಾ?" ನಾದಿನಿ ಪ್ರಚಾರದ ಹುಡುಗಿಯನ್ನು ನೋಡುತ್ತಿರಲಿಲ್ಲ. "ಅಳು ಬರಲ್ಲ ಅಂತಲ್ಲ ಹಾಗಾದ್ರೆ. ನಮ್ಮಣ್ಣನಿಗೆ ಬರಲ್ಲ."

"ನಿಮ್ಮಿಬ್ಬರಿಗೂ ಪರಿಚಯಾನಾ?"

"ನಮ್ಮತ್ತಿಗೆ," ಅಂದಳು ನಾದಿನಿ.

ಡೈರೆಕ್ಟರ್ ಕುಡಿಯುತ್ತಿದ್ದ ಟೀ ನೆತ್ತಿಗೇರಿಸಿಕೊಂಡು ಕೆಮ್ಮತೊಡಗಿದ. ಪ್ರಚಾರದ ಹುಡುಗಿಯ ಕೈ ಮೆಲ್ಲಗೆ ಇಳಿಯಿತು. ಅಷ್ಟರಲ್ಲಿ ಮೇಲೆ ಯಾವುದೋ ಲಾರಿಯ ಚಕ್ರ ಬುಸ್ಸೆಂದು ಗಾಳಿ ಬಿಟ್ಟಿತು. ಅದು ಮುಗಿಯುವ ತನಕ ಎಲ್ಲರೂ ಅಭ್ಯಾಸಬಲದಿಂದ ಸುಮ್ಮನೆ ಕಾದರು.

ಅತ್ತಿಗೆಗೆ ಅಲ್ಲಿಯ ತನಕ ಭಯವಿತ್ತು. ಆ ಬುಸ್ಸೆನ್ನುವ ಸದ್ದಿನ ನಡುವೆ ಎಲ್ಲಿಯೋ ಅದು ಹೋಗಿ, ತಡೆಯಲಾರದಷ್ಟು ರೋಷ ಬಂತು. ನಲವತ್ತು ಸಾವಿರ ಜನರ ಮೇಲೆ, ಆ ಫ್ಲಾಸ್ಕಿನ ಮೇಲೆ, ಒಂದು ವರ್ಷದಿಂದ ತನ್ನ ಮುಖವನ್ನು ಕೆದಕಿದ ಕಣ್ಣುಗಳ ಮೇಲೆ, ಈ ಸ್ಪಂಜಿನ ಗೋಡೆಗಳ ಮೇಲೆ.

"ನೋಡು ಇಲ್ಲಿ," ಅಂದಳು.

ಹೊಟ್ಟೆಯನ್ನು ಒಳಕ್ಕೆಳೆದು, ಅರ್ಧ ಉಸಿರು ತೆಗೆದು, ಗಂಟಲಿನ ತುದಿಯಲ್ಲಿ ಹಿಡಿದು ಬಿಟ್ಟಳು. ಬಿಕ್ಕು ಬಂತು. ಇನ್ನೊಂದು, ಅದರ ಮೇಲೆ ಒಂದು. ಹೆಗಲು ಅದುರಿತು, ದನಿ ಒಡೆಯಿತು, "ಯಾಕೆ ಹೋದ್ರಿ" ಎಂದು ನಡುವೆ ಎರಡು ಮಾತೂ ಸೇರಿತು. ಕೋಣೆಯೆಲ್ಲ ತುಂಬುವ ಅಳು. ಇಂಜಿನಿಯರ್ ತಲೆ ತಗ್ಗಿಸಿದ. ಪ್ರಚಾರದ ಹುಡುಗಿಯ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಹನ್ನೊಂದನೆಯ ಸೆಕೆಂಡಿಗೆ ಅವಳು ನಿಲ್ಲಿಸಿದಳು. ನಲ್ಲಿ ತಿರುಗಿಸಿದಂತೆ.

"ಹತ್ತಿರ ಬಂದು ನೋಡು. ಕಣ್ಣು ಪರೀಕ್ಷೆ ಮಾಡೋಳಲ್ವಾ ನೀನು? ಒದ್ದೆ ಇದೆಯಾ?"

ನಾದಿನಿ ಕೂತಲ್ಲಿಂದಲೇ ನೋಡಿದಳು. ಕಣ್ಣು ಒಣಗಿತ್ತು. ಮುಖದಲ್ಲಿ ಏನೂ ಇರಲಿಲ್ಲ.

"ಇದು ಬೇಕಾ ನಿನಗೆ? ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಮಾಡ್ತೀನಿ. ನಿಮ್ಮಮ್ಮನ ಎದುರಿಗೆ, ಬಂದವರ ಎದುರಿಗೆ. ನನಗೇನು ಕಷ್ಟ? ನಿಮ್ಮಣ್ಣ ಹೋದ ದಿನಾನೂ ಮಾಡಬಹುದಿತ್ತು, ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದೆ. ಅವರಿಗೆ ಇದನ್ನ ಮಾಡ್ಬೇಕಿತ್ತಾ ನಾನು? ಹೇಳು."

'ಒಂದೇ ಒಂದು', ಬದುಕಿನಲ್ಲಿ ಮೊದಲ ಸಲ, ಇನ್ನೊಂದು ಟೇಕ್ ಕೇಳಲಿಲ್ಲ.

ನಾದಿನಿ ಬಹಳ ಹೊತ್ತು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಇಂಜಿನಿಯರ್ ಕಡೆ ತಿರುಗಿದಳು. ದನಿಯಲ್ಲಿ ಅಂಗಡಿಯ ಅಭ್ಯಾಸ ಇತ್ತು. "ಎರಡನೇದು ಹಾಕಿ. ಸಿನಿಮಾದಲ್ಲಿ ಇರೋದು. ನೀರಿನ ಸದ್ದಿಲ್ಲದೆ, ಬರೀ ಅದು."

"ಅದು ಖಾಲಿ ಕೋಣೆ ಮೇಡಂ. ಅದರಲ್ಲೇನೂ ಇಲ್ಲ."

"ಹಾಕಿ."

ನಾದಿನಿ ಹೆಡ್‌ಫೋನ್ ಮತ್ತೆ ತೊಟ್ಟಳು. ಅತ್ತಿಗೆ ಅಲ್ಲೇ ನಿಂತು ಅವಳ ಮುಖ ನೋಡಿದಳು. ತನಗೆ ಏನೂ ಕೇಳಿಸುತ್ತಿರಲಿಲ್ಲ. ನಾದಿನಿ ಕಣ್ಣು ಮುಚ್ಚಿದ್ದಳು. ಮುಗಿಯಿತು. ಕೈಸನ್ನೆ ಮಾಡಿ ಮತ್ತೆ ಹಾಕಿಸಿದಳು. ಮತ್ತೆ.

"ಮೂಗಿನಲ್ಲಿ ಸಣ್ಣಗೆ ಬರತ್ತಲ್ಲ," ಅಂದಳು ಕಡೆಗೆ, ಯಾರಿಗೂ ಅಲ್ಲ ಎಂಬಂತೆ. "ತಡೆದು ತಡೆದು ಬಿಡೋದು. ದಿನಾ ಬೆಳಗ್ಗೆ ಸಿಂಕ್ ಹತ್ರ ಬರೋದು ಇದೇ. ನಾನು ನೆಗಡಿ ಅನ್ಕೊಂಡಿದ್ದೆ."

ಅತ್ತಿಗೆಗೂ ಅದು ಗೊತ್ತಿರಲಿಲ್ಲ.

"ಹಾಗಾದ್ರೆ ಟೇಕ್ ಮೂರು ಹಾಕೋಣವಾ?" ಎಂದಳು ಪ್ರಚಾರದ ಹುಡುಗಿ, ಕಣ್ಣೊರೆಸಿಕೊಳ್ಳುತ್ತ. "ಸಹಿ..."

"ಸಹಿ ಹಾಕಲ್ಲ," ಅಂದಳು ಅತ್ತಿಗೆ.

"ಹಾಕಬೇಡಿ," ಅಂದಳು ನಾದಿನಿ. "ಮೊದಲನೇದು ಮಸುಕು."

ಪ್ರಚಾರದ ಹುಡುಗಿ ಇಬ್ಬರನ್ನೂ ನೋಡಿ, ಕಡೆಗೆ ಡೈರೆಕ್ಟರ್ ಕಡೆ ತಿರುಗಿ, "ಸಾರ್, ಇವರು ತಾನೆ ಅಳು ಬೇಕು ಅಂತ ಇಷ್ಟು ದಿನ ಊರಿಗೆ ಬೆಂಕಿ ಹಚ್ಚಿದ್ದು?" ಎಂದಳು. ಅವಳ ಸಂಕಟವೂ ನ್ಯಾಯವಾದದ್ದೇ.

*

ಬಸ್ಸಿನಲ್ಲಿ ಅಕ್ಕಪಕ್ಕ ಸೀಟು ಸಿಕ್ಕಿತು. ಮೂರನೆಯ ನಿಲ್ದಾಣದಲ್ಲಿ ನಾದಿನಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಟಾರ್ಚ್ ಯಾಕೆ ಕೇಳಿದ್ರಿ ಅವತ್ತು?"

ಒಂದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಟಾರ್ಚ್ ಕೇಳಿದಳು ಎಂದು ಹೇಳಿದವರೆಷ್ಟೋ.

"ಟಾರ್ಚ್ ಇಲ್ಲದೆ ನಿಮ್ಮಣ್ಣ ಲಿಫ್ಟಿನ ಕೆಳಗಿನ ಹಳ್ಳಕ್ಕೆ ಇಳೀತಿರ್ಲಿಲ್ಲ. ಚೀಲದಲ್ಲಿ ಎಲ್ಲಾ ಇತ್ತು, ಅದೊಂದಿರ್ಲಿಲ್ಲ. ಅಂದ್ರೆ ಕೈಯಲ್ಲಿದೆ, ಇನ್ನೂ ಒಳಗೇ ಕೆಲಸ ಮಾಡ್ತಿದಾರೆ, ಇವರು ಯಾರನ್ನೋ ನೋಡಿ ತಪ್ಪು ತಿಳ್ಕೊಂಡು ಬಂದಿದಾರೆ ಅನ್ಕೊಂಡೆ."

ನಾದಿನಿ ತಿರುಗಲಿಲ್ಲ. ಕಿಟಕಿಯ ಗಾಜಿನ ಮೇಲೆ ಅವಳ ಉಸಿರು ಮಂಜಾಗಿ ಕೂತಿತು, ಕರಗಿತು.

"ಸಿಕ್ತಾ ಆಮೇಲೆ?"

"ಮೆಟ್ಟಿಲಲ್ಲಿ ಉರುಳಿ ಮೂರನೇ ಮಹಡಿಗೆ ಬಿದ್ದಿತ್ತಂತೆ. ಕಾವಲುಗಾರ ತಂದುಕೊಟ್ಟ. ನನ್ನ ದಿಂಬಿನ ಕೆಳಗಿದೆ."

"ನನಗೆ ಹೇಳಬಾರದಿತ್ತಾ ಅತ್ತಿಗೆ?"

"ನೀನು ಕೇಳ್ಬಾರದಿತ್ತಾ?"

ನಾದಿನಿ ಅದಕ್ಕೆ "ಥೂ" ಎಂದು ಮೂಗು ಒರೆಸಿಕೊಂಡಳು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಆ ಸಂಜೆ 'ಮಿಂಚುಳ್ಳಿ ಬಳಗ'ದಲ್ಲಿ ನಾಲ್ಕು ಸಾಲು ಬಂತು. ಅಳು ಬೇಡ, ಇದ್ದದ್ದು ಇದ್ದ ಹಾಗೆ ಇರಲಿ, ಮತ್ತೊಮ್ಮೆ ಕಿವಿಗೊಟ್ಟು ಕೇಳಿ, ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಹಳೆಯ ಬಯ್ಗುಳದ ಸಾಲುಗಳನ್ನು ಮಾತ್ರ ನಾದಿನಿ ಅಳಿಸಲಿಲ್ಲ. "ಬರೆದಿದ್ದು ನಾನೇ ಅಲ್ವಾ, ಇರ್ಲಿ," ಅಂದಳು.

ಮರುದಿನ ಬೆಳಗ್ಗೆ ಏಳೂವರೆಗೆ ಅತ್ತಿಗೆ ಸಿಂಕಿನ ಮುಂದೆ, ನಾದಿನಿ ಮೇಜಿನ ಬಳಿ.

"ಕೇಳಮ್ಮ. 'ಬಳಗದ ಅಕ್ಕ ಕಂಪನಿಗೆ ಮಾರಿಕೊಂಡಳು.' ಇನ್ನೊಬ್ಬ, 'ಎಷ್ಟಕ್ಕೆ?' ಇನ್ನೊಬ್ಬ ನೋಡು, 'ಅಕ್ಕನ ಕಿವಿ ಪರೀಕ್ಷೆ ಮಾಡಿಸಿ.' ಇವರಿಗೆಲ್ಲ ಮನೆಯಲ್ಲಿ ಕೆಲಸ ಇಲ್ವಾ? ಒಂದು ಸಲ ಕೂತು ಕೇಳಿ ಅಂದ್ರೆ ಕೇಳಲ್ಲ, ಬರೀ ಬಾಯಿ!"

"ನೀನು ಹಂಗೇ ಇದ್ದೆ ಕಣೇ," ಅಂದರು ಅತ್ತೆ, ತಣ್ಣಗೆ.

"ಇವನೊಬ್ಬ ಬಂದ! 'ಈಗ ಕೇಳಿದೆ, ಅಕ್ಕ ಹೇಳಿದ್ದು ಸರಿ, ಅಳು ಇಲ್ಲದ್ದೇ ಚೆನ್ನಾಗಿದೆ, ಆದರೆ ಆ ವಿಲನ್ ಯಾಕೆ ಅಷ್ಟು ಅತ್ತ, ಅವನ ಅಳು ಕಡಿಮೆ ಮಾಡಿ.'"

"ಅಯ್ಯೋ, ಅದನ್ನ ಮುಟ್ಟಬೇಡಿ ಅಂತ ಬರಿ!" ಅತ್ತೆ ಕೈಯಲ್ಲಿದ್ದ ಬ್ರೆಡ್ಡು ಬಿಟ್ಟು ಎದ್ದರು. "ಈಗ್ಲೇ ಬರಿ. ತಾಯಂದಿರ ಪರವಾಗಿ ಅಂತ ಹಾಕು."

ನಾದಿನಿ ತಲೆ ಚಚ್ಚಿಕೊಳ್ಳುತ್ತ ಮೇಲೆದ್ದು, ತನ್ನ ಲೋಟ ಹಿಡಿದು ಸಿಂಕಿನ ಬಳಿ ಬಂದಳು. ಲೋಟಗಳೆಲ್ಲ ತೊಳೆದು ಬೋರಲು ಹಾಕಿ ಆಗಿತ್ತು. ನಲ್ಲಿ ಸುರಿಯುತ್ತಿತ್ತು. ಅತ್ತಿಗೆ ಕೈ ನೀರಿಗೊಡ್ಡಿ ನಿಂತಿದ್ದಳು, ಮೂಗಿನಲ್ಲಿ ಸಣ್ಣಗೆ, ತಡೆದು ತಡೆದು ಸದ್ದು.

ನಾದಿನಿಯ ಕೈ ಅಭ್ಯಾಸದಿಂದ ಅವಳ ಹೆಗಲ ಮೇಲಿಂದ ಮುಂದೆ ಬಂತು. ನಲ್ಲಿಯ ತನಕ ಹೋಗಿ ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು, ತನ್ನ ಲೋಟವನ್ನು ಆ ಸುರಿಯುವ ನೀರಿನ ಕೆಳಗೆ ಹಿಡಿಯಿತು. ಲೋಟ ತೊಳೆದಾದ ಮೇಲೂ ಹಿಡಿದೇ ಇತ್ತು.

"ನೀರು!" ಎಂದು ಕೂಗಿದರು ಅತ್ತೆ, ಹಿಂದಿನಿಂದ. "ಇಬ್ಬರೂ ಏನ್ರೇ ಮಾಡ್ತಿದೀರಿ ಅಲ್ಲಿ?"

"ಲೋಟ ತೊಳೀತಿದೀವಿ ಅಮ್ಮ," ಅಂದಳು ನಾದಿನಿ, ತಿರುಗಿ ನೋಡದೆ.